ಶಾಂತವ್ವನ ಸಿಟ್ಟು
ಭೋಸರಿಯ ಶಾಂತವ್ವ ವ್ಯಸನಮುಕ್ತಿ ಸಮಾಲೋಚಕಿಯಾಗಲು ತರಬೇತಿ ಪಡೆಯುತ್ತಿದ್ದಾಳೆ; ತರಗತಿಯಲ್ಲಿ ಅವಳಿಗೆ ಸಿಟ್ಟು ಬಾರದ ದಿನವೇ ಇಲ್ಲ. ಯಾರಾದರೂ ‘ಕುಡುಕ’ ಅಂದರೆ ಸಾಕು, ಬೆಂಚು ಕಿರುಗುಟ್ಟುವಂತೆ ಎದ್ದು, “ಜಡ್ಡು ರೀ ಅದು! ಸಕ್ಕರಿ ಬ್ಯಾನಿ ಇದ್ದವರಿಗೆ ಹಿಂಗ ಹೆಸರಿಡ್ತೀರೇನು?” ಎಂದು ಗದರುತ್ತಾಳೆ. ಬಸ್ಸಿನ ಕಂಡಕ್ಟರನಿಗೂ ಮರಾಠಿಯಲ್ಲಿ ಇದೇ ಪಾಠ ಹೇಳುತ್ತಾ ಎಷ್ಟೋ ಸಲ ತಾನು ಇಳಿಯಬೇಕಾದ ಸ್ಟಾಪು ದಾಟಿ ಹೋಗಿದ್ದಾಳೆ. ಕಳೆದ ಭಾನುವಾರ ಅಭಿನಯದ ಪಾಠದಲ್ಲಿ ಅವಳು ರೋಗಿಯ ಹೆಂಡತಿಯಾದಳು. ಸಮಾಲೋಚಕಿಯಾಗಿ ಎದುರು ಕೂತ ಸಹಪಾಠಿ ಮಾಧುರಿ, “ಅವರದಿರಲಿ, ನೀವು ಹ್ಯಾಂಗ ಅದೀರಿ?” ಎಂದು ಕೇಳಿದಳು. ಶಾಂತವ್ವ ತಟ್ಟನೆ ಎದ್ದು ನಿಂತಳು. ಪಾತ್ರ ಮರೆತು, ಕೆಂಡದಂಥ ಸಿಟ್ಟಿನಲ್ಲಿ, “ಇಪ್ಪತ್ತೆರಡು ವರ್ಷ ನನ್ನ ಗಂಡನ್ನ ಕುಡಿತ ಬಿಡಸಾಕ ದವಾಖಾನಿಗೆ ಅಡ್ಡಾಡಿಸೀನಿ. ಅಂವ ಸತ್ತೂ ಹೋದ. ಇದನ್ನ ಕೇಳಾಕ ಇಷ್ಟು ದಿನ ಎಲ್ಲಿದ್ರಿ ನೀವೆಲ್ಲಾ?” ಅಂದಳು.