ಬರೋದು ಐದು ಮಂದಿ

ಆದೋನಿಯ ಹೊರಗಿದ್ದ ದೊಡ್ಡ ಅಂಗಡಿ ಕಂಪನಿಯ ಗೋದಾಮು ಮುಚ್ಚಿತು ಅಂದಾಗ ಹುಲುಗಮ್ಮ ಎದೆ ಬಡಿದುಕೊಂಡು ಅಳಲಿಲ್ಲ. ಎರಡು ದಿನ ಮಂಕಾಗಿದ್ದಳು, ಅಷ್ಟೇ. ಬೇಳೆ, ಸೋಪು, ಬಿಸ್ಕತ್ತು ಡಬ್ಬಿಗೆ ತುಂಬಿ ಟೇಪು ಹಚ್ಚುವ ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಕ್ಕೀತು ಎಂಬ ಧೈರ್ಯ ಅವಳಿಗಿತ್ತು. ಅವಳ ಚಿಂತೆಯೆಲ್ಲ ಜೊತೆಗೆ ದುಡಿಯುತ್ತಿದ್ದ ಸುಭದ್ರಮ್ಮನ ಬಗ್ಗೆ. ಮೊಣಕಾಲು ಹಿಡಿದ ಆ ಹಿರಿಯಳನ್ನು ಇನ್ನು ಯಾರು ಕೆಲಸಕ್ಕೆ ಕರೆದಾರು? ಗೋದಾಮಿನಲ್ಲೂ ಅವಳ ಪಾಲಿನ ಭಾರದ ಡಬ್ಬಿಗಳನ್ನು ಉಳಿದವರೇ ಎತ್ತಿಡುತ್ತಿದ್ದರು.

ಅವರಿಬ್ಬರು, ಗೋದಾಮಿನ ಇನ್ನೂ ಮೂವರು ಹೆಂಗಸರು, ಹೀಗೆ ಐವರೂ ಪೆದ್ದಕಡುಬೂರಿನ ಒಂದೇ ಓಣಿಯವರು, ಮೊದಲು ಒಟ್ಟಿಗೇ ಹತ್ತಿ ಬಿಡಿಸುತ್ತಿದ್ದವರು. ಖಾಲಿ ಗೋದಾಮನ್ನು ಹತ್ತಿ ವ್ಯಾಪಾರಿ ಮರಿಬಸಪ್ಪ ಬಾಡಿಗೆಗೆ ಹಿಡಿದನೆಂಬ ಸುದ್ದಿ ಬಂದದ್ದೇ ತಡ, ಹುಲುಗಮ್ಮ ಎಲ್ಲರನ್ನೂ ಆಟೋ ಹತ್ತಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತಳು. ಹತ್ತಿಯೊಳಗಿನ ಕಸ ಆರಿಸಲು ಅವನಿಗೆ ಹೆಂಗಸರು ಬೇಕಾಗಿದ್ದರು. ಒಬ್ಬೊಬ್ಬರನ್ನೇ ನೋಡಿದ. ಮೆಟ್ಟಿಲು ಹತ್ತಲು ಸುಭದ್ರಮ್ಮ ಪಟ್ಟ ಪಾಡನ್ನೂ ನೋಡಿದ.

"ನಾಲ್ಕು ಮಂದಿ ಸಾಕವ್ವ. ಆ ಯಮ್ಮ ಬ್ಯಾಡ."

ಸುಭದ್ರಮ್ಮನ ಮುಖ ಸಣ್ಣದಾಯಿತು. "ಹೋಗ್ರಿ ಹುಲುಗಿ, ನಾ ಮನ್ಯಾಗ ಇರ್ತೀನಿ."

"ಸುಮ್ನಿರು ಅತ್ತಿ," ಎಂದು ಓಣಿಯ ಸಲಿಗೆಯಲ್ಲಿ ಗದರಿ ಹುಲುಗಮ್ಮ ವ್ಯಾಪಾರಿಯತ್ತ ತಿರುಗಿದಳು. "ಸಾವ್ಕಾರ್ರ, ನಾಲ್ಕು ಮಂದಿ ಕೂಲೀನ ಕೊಡ್ರಿ. ಬರೋದು ಮಾತ್ರ ಐದು ಮಂದಿ. ಹಂಚ್ಕೊಳ್ಳೋದು ನಮಗ ಬಿಡ್ರಿ."

ಹತ್ತಿ ಹೊಲದ ಗುಂಪುಗಳಲ್ಲಿ ಇದೇನು ಹೊಸದಲ್ಲ. ಬಗ್ಗಲಾರದ ಹಿರಿಯಳೊಬ್ಬಳು ಜೊತೆಗಿರುತ್ತಾಳೆ, ನೀರು ಕೊಡುತ್ತಾಳೆ, ಬುತ್ತಿ ಕಾಯುತ್ತಾಳೆ. ಸಂಜೆ ಪಾಲು ಮಾತ್ರ ಎಲ್ಲರಿಗೂ ಸಮ. ಕಂಪನಿಯವರಿಗಾದರೆ ಇದು ತಲೆಗೇ ಹೋಗುತ್ತಿರಲಿಲ್ಲ. ಹತ್ತಿಯಲ್ಲೇ ಬೆಳೆದ ಮರಿಬಸಪ್ಪನಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಉಳಿದವರ ಕಡೆ ನೋಡಿ, "ನಿಮಗೂ ಒಪ್ಪಿಗಿ ಐತೇನ್ರವ್ವ?" ಎಂದ.

"ಆಕಿ ಬರಲಿಲ್ಲಂದ್ರ ನಾವೂ ಬರಂಗಿಲ್ರಿ," ಎಂದಳು ಎಲ್ಲರಿಗಿಂತ ಚಿಕ್ಕವಳಾದ ಶಿರೀಷಾ.

"ಸರೇ, ಸೋಮವಾರ ಬರ್ರಿ," ಎಂದು ಗೊಣಗುತ್ತ ಅವನು ಒಳಗೆ ಹೋದ.

ಮೊದಲೇ ಕೂಲಿ ಕಡಿಮೆ, ಅದರಲ್ಲೂ ಐದು ಪಾಲು ಎಂದು ಹುಲುಗಮ್ಮನ ಗಂಡ ಮಾರೆಣ್ಣ ಸಿಡಿಮಿಡಿಗೊಂಡ. ಅವನ ಸಿಡಿಮಿಡಿ ತಾಟಿಗೆ ರೊಟ್ಟಿ ಬೀಳುವ ತನಕ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

ಸೋಮವಾರ ಐವರೂ ಹತ್ತಿ ರಾಶಿಯ ಸುತ್ತ ಕೂತರು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರೂ ಹರಟೆಗೇನೂ ಅಡ್ಡಿಯಾಗಲಿಲ್ಲ. ಸುಭದ್ರಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಹತ್ತಿ ಹಾಕಿಕೊಂಡು ಆರಿಸುತ್ತಿದ್ದಳು. ಕಂಪನಿಯವರು ಕೆಲಸದ ಹೊತ್ತಿನಲ್ಲಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಆ ಗೋದಾಮಿನೊಳಗೆ ಸುಭದ್ರಮ್ಮ ಕೂತದ್ದನ್ನು ಹುಲುಗಮ್ಮ ಕಂಡದ್ದು ಅಂದೇ ಮೊದಲು. ನೋಡಿ ಅವಳ ಹೊಟ್ಟೆ ತಣ್ಣಗಾಯಿತು.