ಕುರುಡು ನೆಲಗುಬ್ಬಿಯ ಕರೆ

ಸತ್ತದ್ದು ದನಿ ಮಾಡುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅರಣ್ಯ ಇಲಾಖೆಯ ಗಾರ್ಡ್ ಆಗಿ ಇಪ್ಪತ್ತು ವರ್ಷ ಹೊಲ, ಹಳ್ಳ ಸುತ್ತಿದವನು ನಾನು. ಹೆದರಿದ್ದು ಹಾವಿಗೆ ಮತ್ತು ಮೇಲಧಿಕಾರಿಗೆ ಮಾತ್ರ. ಈಗಲೂ ದೆವ್ವ ನಂಬುವುದಿಲ್ಲ. ಆದರೆ ಗೊಳಸಂಗಿಯ ಹೊಲದಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ಏನೆಂದು ಕರೆಯಲಿ, ತಿಳಿಯದು.

ಜೋಳ ಕೊಯ್ದ ಹೊಲಗಳಲ್ಲಿ ನೆಲಗುಬ್ಬಿಗಳಿರುತ್ತವೆ. ಮಣ್ಣಿನ ಬಣ್ಣದ ಸಣ್ಣ ಹಕ್ಕಿ. ಹಾಡುತ್ತ ಮೇಲೇರಿ, ಹಾಡು ಮುಗಿದೊಡನೆ ಕೆಳಗಿಳಿಯುತ್ತದೆ. ಅದನ್ನು ಹಿಡಿಯುವುದು ಅಪರಾಧ. ಯಮನಪ್ಪ ಎಂಬವನು ಹಿಡಿದು ಮಾರುತ್ತಿದ್ದ. ಬಲೆಯ ಪಕ್ಕ ಬುಟ್ಟಿಯಲ್ಲಿ ಒಂದು ನೆಲಗುಬ್ಬಿ ಇಡುತ್ತಿದ್ದ. ಅದರ ರೆಪ್ಪೆಗಳನ್ನು ಸೂಜಿದಾರದಿಂದ ಹೊಲಿದಿದ್ದ. ಕಣ್ಣು ಕತ್ತಲಾದ ಹಕ್ಕಿ ದಿನವಿಡೀ ಹಾಡುತ್ತದೆ. ಆ ಹಾಡು ಕೇಳಿ ಉಳಿದವು ಬಂದು ಬಲೆಗೆ ಬೀಳುತ್ತವೆ.

ಅವನನ್ನು ಹಿಡಿದಾಗ ಪಂಜರದಲ್ಲಿ ಒಂಬತ್ತು ಹಕ್ಕಿ, ಬುಟ್ಟಿಯಲ್ಲಿ ಈ ಒಂದು. ಬ್ಲೇಡಿನಿಂದ ದಾರ ಕೊಯ್ದೆ. ಒಳಗೆ ಕಣ್ಣು ಕೊಳೆತುಹೋಗಿತ್ತು. ಹಿಡಿದಲ್ಲಿಯೇ ಬಿಡಲು ನ್ಯಾಯಾಲಯ ಅನುಮತಿ ಕೊಟ್ಟಿತು. ಕುರುಡು ಹಕ್ಕಿಯ ವಿಷಯ ನ್ಯಾಯಾಲಯಕ್ಕೆ ಬರೆದಿದ್ದರೆ ಅದನ್ನು ಪ್ರಾಣಿಸಂಗ್ರಹಾಲಯಕ್ಕೆ ಕಳಿಸಬಹುದಿತ್ತು. ಆ ಓಡಾಟ ನನಗೆ ಬೇಡವಾಗಿತ್ತು.

ಪಂಚನಾಮೆಗೆಂದು ಯಮನಪ್ಪನನ್ನೂ ಜೀಪಿನಲ್ಲಿ ಕರೆದೊಯ್ದೆವು. ಒಂಬತ್ತೂ ಹಾರಿಹೋದವು. ಹತ್ತನೆಯದನ್ನು ಕೈಗೆತ್ತಿಕೊಂಡಾಗ ಅವನು ಅಡ್ಡ ಬಂದ.

"ಸಾಹೇಬ್ರ, ಅದನ್ನ ಬಿಡಬ್ಯಾಡ್ರಿ. ಗಿಡಗನ ಬಾಯಿಗೆ ಹೋಗತೈತ್ರಿ."

"ಕಣ್ಣು ಹೊಲಿಯುವಾಗ ಈ ಕರುಣಾ ಎಲ್ಲಿ ಹೋಗಿತ್ತು?" ಎಂದೆ. ಹಕ್ಕಿಯನ್ನು ಮೇಲಕ್ಕೆ ಎಸೆದೆ.

ಅದು ಹಾಡಲಿಲ್ಲ. ಸುತ್ತು ಹಾಕುತ್ತ ಮನೆಯೆತ್ತರ ಏರಿತು. ಬೇಲಿಯ ಜಾಲಿಮರದಿಂದ ಎದ್ದ ಗಿಡುಗ ಅದನ್ನು ನಮ್ಮೆದುರೇ ಹರಿದುಹಾಕಿತು. ಜೀಪಿನ ಬಾನೆಟ್ಟಿನ ಮೇಲೆ ಪುಕ್ಕ ಉದುರಿದವು.

ಆಗ ಜೀಪಿನ ಹಿಂಬದಿಯಿಂದ ಹಾಡು ಶುರುವಾಯಿತು.

"ಸರ, ಒಂದು ಹಕ್ಕಿ ಉಳದೈತೇನ್ರಿ?" ಎಂದ ಚಾಲಕ. ಬುಟ್ಟಿ ತಂದು ಬೋರಲು ಹಾಕಿದೆ. ನವಣೆಯ ಸಿಪ್ಪೆ ಬಿತ್ತು, ಮತ್ತೇನಿಲ್ಲ. ಹಾಡು ಬುಟ್ಟಿಯಿಂದಲೇ ಬರುತ್ತಿತ್ತು. ಬಿಟ್ಟಿದ್ದ ಹಕ್ಕಿಗಳು ಒಂದೊಂದಾಗಿ ಮರಳಿ ಬಂದು ಅದರ ಸುತ್ತ ಕುಳಿತವು. ಚಪ್ಪಾಳೆ ತಟ್ಟಿದೆ, ಮಣ್ಣಿನ ಹೆಂಟೆ ಎಸೆದೆ. ಏಳಲಿಲ್ಲ. ಗಿಡುಗ ಬಂದು ಒಂದನ್ನು ಒಯ್ದಿತು. ಉಳಿದವು ಕದಲಲಿಲ್ಲ. ಮತ್ತೆ ಬಂದು ಇನ್ನೊಂದನ್ನು ಒಯ್ದಿತು.

"ಅದು ಕರದರ ಅವು ಏಳಂಗಿಲ್ರಿ," ಎಂದ ಯಮನಪ್ಪ.

ಬುಟ್ಟಿಯನ್ನು ಚಕ್ರದ ಕೆಳಗಿಟ್ಟು ಜೀಪು ಹತ್ತಿಸಿದೆವು. ಅದು ಪುಡಿಯಾದ ಮೇಲೂ ಒಂದಷ್ಟು ಹೊತ್ತು ಹಾಡು ಕೇಳಿಬಂದು, ಆಮೇಲೆ ನಿಂತಿತು. ಉಳಿದ ಏಳು ಹಾರಿದವು. ಹತ್ತೂ ಹಕ್ಕಿ ಆರೋಗ್ಯವಾಗಿ ಹಾರಿಹೋದವೆಂದು ವರದಿ ಬರೆದೆ. ಚಾಲಕ ಸಾಕ್ಷಿಯ ಸಹಿ ಹಾಕಿದ.

ಹೋದ ವರ್ಷ ಸಿಂದಗಿ ಬಸ್ ನಿಲ್ದಾಣದಲ್ಲಿ ಯಮನಪ್ಪ ಸಿಕ್ಕ. ಶಿಕ್ಷೆ ಮುಗಿಸಿ ಬಂದಿದ್ದ. ಪಕ್ಕಕ್ಕೆ ಬಂದು ಕೇಳಿದ:

"ಸೂಜಿ ನಂದು, ಒಪ್ಪಕೋತೇನ್ರಿ. ಎಸೆದ ಕೈ ನಿಮ್ದು. ಆವತ್ತು ಅದು ಕರದಿದ್ದು ಹಕ್ಕಿಗೋಳನ್ನ ಏನ್ರಿ, ಇಲ್ಲಾ ಗಿಡಗನ್ನ?"

ಕಲಬುರಗಿ ಬಸ್ಸು ಬಂತು. ನಾನು ಹೋಗಬೇಕಾದದ್ದು ಬಾಗೇವಾಡಿಗೆ. ಆದರೂ ಹತ್ತಿ ಕುಳಿತೆ.