ದಪ್ಪಗೆ ಹಾಕಿ, ಮರೆಯಬೇಡಿ

ಚಾಮರಾಜನಗರದ ಆ ಪ್ರಿಂಟಿಂಗ್ ಪ್ರೆಸ್ಸಿಗೆ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದ ದಿನ ಯಜಮಾನರು ಹೇಳಿದ್ದು ಒಂದೇ ಮಾತು: "ಗಿರಾಕಿ ಕೊಟ್ಟ ಕಾಪೀಲಿ ಒಂದಕ್ಷರಾನೂ ಮುಟ್ಟಬಾರದು ಬೇಟಿ. ಅನುಮಾನ ಬಂದ್ರೆ ಅವರನ್ನೇ ಕೇಳು." ನಾನೋ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಯಾರ ಮಾತನ್ನೂ ಕೇಳುವ ಜಾತಿಯಲ್ಲ. ಆದರೂ ಈ ಮಾತನ್ನು ಮಾತ್ರ ತಪ್ಪದೆ ನಡೆಸಿದೆ.

ಅಲ್ಲಿ ಇದ್ದ ಇನ್ನೊಬ್ಬರೆಂದರೆ ಹಳೆಯ ಕಂಪೋಸಿಟರ್ ಅಣ್ಣ. ದಿನಾ ಉಮ್ಮತ್ತೂರಿನಿಂದ ಬಸ್ಸಿಗೆ ಬರುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದಿದ್ದರಿಂದ ಪ್ರೂಫ್ ನೋಡುವುದು, ಕಾರ್ಡು ಕತ್ತರಿಸುವುದು ಅವರ ಪಾಲಿಗೆ ಉಳಿದಿತ್ತು. ಹಿಂದೆ ಯಾರೋ ಮದುವೆ ಕಾರ್ಡಿನ ಕಾಪಿಯಲ್ಲಿ, ವರನ ಹೆಸರಿನ ಮುಂದೆ "ದಪ್ಪಗೆ ಹಾಕಿ, ಮರೆಯಬೇಡಿ" ಎಂದು ಬರೆದು ಕೊಟ್ಟಿದ್ದರಂತೆ. ಅಣ್ಣ ಹೆಸರನ್ನು ದಪ್ಪಗೆ ಹಾಕಲಿಲ್ಲ. ಆ ಮಾತನ್ನೇ ಹೆಸರಿನ ಮುಂದೆ ಅಚ್ಚು ಹಾಕಿಬಿಟ್ಟರು. ಗೊತ್ತಾಗುವ ಹೊತ್ತಿಗೆ ಕಾರ್ಡು ಊರೆಲ್ಲ ಹಂಚಿಯಾಗಿತ್ತು. ಅಂದಿನಿಂದ ಟೀ ಅಂಗಡಿಯವನೂ "ಏನಣ್ಣ, ಸಕ್ಕರೆ ದಪ್ಪಗೆ ಆಕ್ಲಾ?" ಎಂದೇ ಲೋಟ ಕೊಡುತ್ತಿದ್ದ. ನಾನೂ ರೇಗಿಸುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಣ್ಣನ ಉತ್ತರ ಯಾವಾಗಲೂ ಒಂದೇ: "ಬರ್ದಿದ್ರು, ಅಚ್ಚಾಕ್ಬುಟ್ಟೆ."

ಯಜಮಾನರ ಮಗಳಿಗೆ ಗುಂಡ್ಲುಪೇಟೆಯ ಸಂಬಂಧ ಗೊತ್ತಾಯಿತು. ಹುಡುಗನ ಕಡೆ ಅರ್ಧ ಮಂದಿ ಸೌದಿಯಲ್ಲಿದ್ದರು. ನಾನಾಗ ವೆಬ್‌ಸೈಟ್ ಮಾಡುವುದನ್ನು ಕಲಿತು ಹಾರಾಡುತ್ತಿದ್ದ ಕಾಲ. "ಮದುವೆಗೆ ಒಂದು ಪುಟ ಮಾಡ್ತೀನಿ, ಬರಲಾರದವರು ಅಲ್ಲೇ ಹಾರೈಕೆ ಬರೀಲಿ" ಎಂದೆ. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಪುಟದ ವಿಳಾಸವನ್ನು ಪ್ರತಿ ಕಾರ್ಡಿನಲ್ಲೂ ಅಚ್ಚು ಹಾಕಿಸಿದರು. ನಮ್ಮ ಪ್ರೆಸ್ಸಿನ ರೂಢಿಯಂತೆ, ಜನ ಏನು ಬರೆದರೂ ಒಂದಕ್ಷರ ಮುಟ್ಟದೆ ಪುಟಕ್ಕೆ ಹೋಗುವ ಹಾಗೆ ಮಾಡಿದ್ದೆ.

ಮದುವೆಗೆ ಎಂಟು ದಿನ ಇದ್ದಾಗ ಹುಡುಗನ ತಂದೆ ಗುಂಡ್ಲುಪೇಟೆಯಿಂದ ನೇರ ಪ್ರೆಸ್ಸಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಕಾರ್ಡಿನಲ್ಲಿರೋ ಪುಟ ತೆಗೆದ್ರೆ ಅಸಹ್ಯದ ಚಿತ್ರ ಬರ್ತದೆ. ನಮ್ಮ ಮನೆ ಹೆಣ್ಮಕ್ಕಳು ನೋಡಿದ್ದಾರೆ. ಮೊದಲು ಇದು ಸರಿಯಾಗಲಿ, ಆಮೇಲೆ ಮದುವೆ ಮಾತು" ಎಂದು ಹೊರಟೇಬಿಟ್ಟರು. ಪುಟವನ್ನೇ ಮುಚ್ಚಿಬಿಡೋಣ ಎಂದೆ. "ಮುಚ್ಚಿದ್ರೆ ತಪ್ಪು ನಮ್ಮದೇ ಅಂತ ಆಗ್ತದೆ ಬೇಟಿ" ಎಂದರು ಯಜಮಾನರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಯಾರೋ ಹಾರೈಕೆಯ ಜಾಗದಲ್ಲಿ ಕಂಪ್ಯೂಟರಿಗೆ ಅಪ್ಪಣೆ ಬರೆದಿದ್ದರು: ಪುಟ ತೆರೆದವರನ್ನು ಆ ಕೊಳಕು ಸೈಟಿಗೆ ಎಳೆದುಕೊಂಡು ಹೋಗು ಅಂತ. ಇಂಥ ಅಪ್ಪಣೆಗೆ ಸ್ಕ್ರಿಪ್ಟ್ ಅನ್ನುತ್ತಾರೆ. ಅಳಿಸಿದೆ. ಮಧ್ಯಾಹ್ನಕ್ಕೆ ಮತ್ತೆ ಬಂತು. ಸ್ಕ್ರಿಪ್ಟ್ ಎಂಬ ಪದ ಕಂಡರೆ ಕಿತ್ತುಹಾಕುವ ಹಾಗೆ ಮಾಡಿದೆ. ಮರುದಿನ ಆ ಪದವೇ ಇಲ್ಲದೆ, ಚಿತ್ರದ ವೇಷ ಹಾಕಿಕೊಂಡು ಬಂತು. ಕೀಬೋರ್ಡ್ ಕುಟ್ಟಿ ಅತ್ತುಬಿಟ್ಟೆ.

ಅಣ್ಣ ಕತ್ತರಿಸುತ್ತಿದ್ದ ಕಾರ್ಡು ಬಿಟ್ಟು ಬಂದರು. "ಯಾಕಮ್ಮಿ, ಏನಾಯ್ತು?"

"ಯಾವನೋ ಬರೆದದ್ದನ್ನ ಈ ದಡ್ಡ ಕಂಪ್ಯೂಟರ್ ತೋರಿಸೋದು ಬಿಟ್ಟು, ಹೇಳಿದ ಹಾಗೆಲ್ಲ ಕುಣೀತದೆ ಅಣ್ಣ."

"ಅಂಗಾರೆ ಅದ್ಕೆ ನನ್ ಬುದ್ಧಿ ಕಲ್ಸು ಕಣಮ್ಮಿ. ಬರ್ದಿರದ್ನ ಮಾಡಕ್ ಓಗ್ಬಾರ್ದು. ಸುಮ್ನೆ ಅಚ್ಚಾಕ್ಬುಡ್ಬೇಕು."

ತಮಾಷೆಗೇ ಹೇಳಿದ್ದು. ನಾನು ಮಾತ್ರ ನಗಲಿಲ್ಲ, ಕಣ್ಣೊರೆಸಿಕೊಂಡು ಕೂತೆ. ಆ ಅಪ್ಪಣೆಗಳನ್ನು ಕಂಪ್ಯೂಟರ್ ಗುರುತು ಹಿಡಿಯುವುದು ಬಾಣದ ತುದಿಯಂಥ ಚಿಹ್ನೆಗಳಿಂದ. ಹಾರೈಕೆಯನ್ನು ಪುಟಕ್ಕೆ ಹಾಕುವಾಗ, ಆ ಚಿಹ್ನೆಗಳನ್ನೂ ಉದ್ಧರಣ ಚಿಹ್ನೆಗಳನ್ನೂ 'ಇವು ಬರೀ ಅಕ್ಷರ' ಎಂದು ಹೇಳುವ ಸಂಕೇತಗಳಿಗೆ ಬದಲಿಸಿಕೊಟ್ಟರೆ ಮುಗಿಯಿತು. ಓದುವವರಿಗೆ ಬರೆದದ್ದು ಬರೆದ ಹಾಗೇ ಕಾಣುತ್ತದೆ, ಕಂಪ್ಯೂಟರ್ ಮಾತ್ರ ಕುಣಿಯುವುದಿಲ್ಲ. ಯಾವ ಪದವನ್ನೂ ಹುಡುಕಿ ಕೀಳಬೇಕಿರಲಿಲ್ಲ. ಸಂಜೆಯೊಳಗೆ ಮಾಡಿ ಮುಗಿಸಿದೆ.

ಬೆಳಿಗ್ಗೆ ನೋಡಿದರೆ ಆ ಪಾಪಿ ಮತ್ತೆ ಬರೆದಿದ್ದ. ಈ ಸಲ ಅದು ಸೌದಿಯ ಚಿಕ್ಕಪ್ಪನ ಹಾರೈಕೆಯ ಕೆಳಗೆ ಅರ್ಥವಾಗದ ಒಂದು ಸಾಲಾಗಿ ಬಿದ್ದುಕೊಂಡಿತ್ತು. ಯಜಮಾನರು ಗುಂಡ್ಲುಪೇಟೆಗೆ ಫೋನ್ ಮಾಡಿ ಪುಟ ತೆರೆದು ನೋಡಲು ಹೇಳಿದರು. ಅಣ್ಣನೂ ನಾನೂ ಪಕ್ಕದಲ್ಲಿ ನಿಂತೆವು. ಹುಡುಗನ ತಂದೆ ಆ ಸಾಲಿನ ಬಗ್ಗೆ ಕೇಳಿದರೆಂದು ಕಾಣುತ್ತದೆ. ಯಜಮಾನರು ಅಣ್ಣನನ್ನೇ ನೋಡುತ್ತ ಹೇಳಿದರು: "ಅದಾ? ನಮ್ಮ ಕಂಪೋಸಿಟರ್ ಅಚ್ಚು ಹಾಕಿದ್ದು ಸಾಹೇಬ್ರೇ. ಯಾರು ಏನು ಬರೆದ್ರೂ ಬರೀ ಅಚ್ಚು ಹಾಕ್ತಾನೆ, ಹೇಳಿದ್ದು ಮಾಡಲ್ಲ." ಆ ಕಡೆಯ ನಗು ನಮಗೂ ಕೇಳಿಸಿತು. ಆಮೇಲೆ ಬಿರಿಯಾನಿ ಮಾಡುವವರು ಯಾರು ಎಂಬ ಮಾತು ಶುರುವಾಯಿತು.

ಅಣ್ಣ ತಮ್ಮ ತಗಡಿನ ಡಬ್ಬಿಯಿಂದ ಹಳದಿಗಟ್ಟಿದ ಒಂದು ಕಾರ್ಡು ತೆಗೆದು ನನ್ನ ಕೈಗಿಟ್ಟರು. ಆ "ದಪ್ಪಗೆ ಹಾಕಿ" ಮದುವೆಯ ಕಾರ್ಡು. ಊರು ನಗುತ್ತಿದ್ದ ಅಷ್ಟು ವರ್ಷವೂ ಅದನ್ನು ಇಟ್ಟುಕೊಂಡಿದ್ದರು. ನಾನು ರೇಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. "ತಪ್ಪಾಯ್ತು ಅಣ್ಣ" ಎಂದೆ.

"ಬುಡವ್ವ, ನಿನ್ತಾವೇ ಇರ್ಲಿ" ಎಂದು ಅವರು ಕಾರ್ಡು ಕತ್ತರಿಸಲು ಹೋದರು.

ಅದಾದ ಮೇಲೆ ಎಷ್ಟು ಪುಟ ಮಾಡಿದರೂ ಆ ಕಾರ್ಡು ನನ್ನ ಮೇಜಿನ ಮೇಲಿದೆ. ವರನ ಹೆಸರು ಮಾಸಿದೆ. "ಮರೆಯಬೇಡಿ" ಇನ್ನೂ ಓದಲು ಬರುತ್ತದೆ.